ಕತ್ತಲ ಕಡಲಿನಲ್ಲಿ ಕಿವಿಯೇ ಕಣ್ಣು

ಬೆಳ್ಳಿಯ ರೂಪಾಯಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಅದನ್ನು ಕಲ್ಲಿನ ಮೇಲೆ ಬಾರಿಸಿ, ನಾದ ಕೇಳಿಯೇ ಖರೆಯೋ ಖೋಟಾವೋ ಹೇಳುತ್ತಿದ್ದರು. ನಾವು ಇಂದಿಗೂ ತೆಂಗಿನಕಾಯಿಯನ್ನು ಬೆರಳಿನಿಂದ ಬಡಿದು ನೋಡಿಯೇ ಕೊಳ್ಳುತ್ತೇವೆ. ಕಣ್ಣಿಗೆ ನಿಲುಕದ್ದು ಕಿವಿಗೆ ತಿಳಿಯುತ್ತದೆ. ಈ ವಿದ್ಯೆಯನ್ನೇ ನಂಬಿ ಹೊಟ್ಟೆ ಹೊರೆಯುವ ಜೀವಿಯೊಂದು ಆಳವಾದ ಸಮುದ್ರದಲ್ಲಿದೆ. ಅದೇ ಕೊಕ್ಕಿನ ತಿಮಿಂಗಿಲ.

ತಿಮಿಂಗಿಲ ಮೀನಲ್ಲ. ನಮ್ಮಂತೆಯೇ ಗಾಳಿ ಉಸಿರಾಡಿ, ಮರಿಗೆ ಹಾಲೂಡುವ ಪ್ರಾಣಿ. ಆದರೂ 'ಕುವಿಯೇ' ಎಂಬ ಜಾತಿಯ ಕೊಕ್ಕಿನ ತಿಮಿಂಗಿಲವೊಂದು 2,992 ಮೀಟರ್ ಆಳಕ್ಕೆ ಇಳಿದದ್ದು 2014ರಲ್ಲಿ ವರದಿಯಾಯಿತು. ಇದೇ ಜಾತಿಯ ಇನ್ನೊಂದು ಒಂದೇ ಉಸಿರಿನಲ್ಲಿ 3 ಗಂಟೆ 42 ನಿಮಿಷ ನೀರಿನೊಳಗೆ ಇದ್ದುದನ್ನು 2020ರಲ್ಲಿ ಪ್ರಕಟಿಸಿದರು.

ಅಷ್ಟು ಆಳದಲ್ಲಿ ಸೂರ್ಯನ ಬೆಳಕು ಇಲ್ಲ. ಅಲ್ಲಿ ಅದು ಆಹಾರ ಹುಡುಕುವುದು ಹೇಗೆ? ಅಮೆರಿಕದ ವುಡ್ಸ್ ಹೋಲ್ ಸಮುದ್ರ ವಿಜ್ಞಾನ ಸಂಸ್ಥೆಯ ಮಾರ್ಕ್ ಜಾನ್ಸನ್ ಮತ್ತು ಪೀಟರ್ ಟ್ಯಾಕ್ ಇದಕ್ಕೊಂದು ಉಪಾಯ ಮಾಡಿದರು. ಸದ್ದನ್ನೂ ಆಳವನ್ನೂ ದಾಖಲಿಸುವ ಪುಟ್ಟ ಯಂತ್ರವನ್ನು ಉದ್ದನೆಯ ಕೋಲಿನಿಂದ ತಿಮಿಂಗಿಲದ ಬೆನ್ನಿಗೆ ಅಂಟಿಸಿದರು. ಮೊಳೆಯಿಲ್ಲ, ಗಾಯವಿಲ್ಲ, ರಬ್ಬರಿನಂಥ ಬಟ್ಟಲುಗಳ ಹೀರುವ ಹಿಡಿತ ಮಾತ್ರ. ಕೆಲವು ಗಂಟೆಗಳ ಬಳಿಕ ಯಂತ್ರ ತಾನೇ ಕಳಚಿ ಮೇಲಕ್ಕೆ ತೇಲುತ್ತದೆ.

ಅದರಿಂದ ತಿಳಿದ ಸಂಗತಿಗಳು 2004ರಲ್ಲಿ ಪ್ರಕಟವಾದವು. ಈ ತಿಮಿಂಗಿಲ ನೀರಿನ ಮೇಲ್ಭಾಗದಲ್ಲಿ ಮೌನಿ. 200 ಮೀಟರಿಗಿಂತ ಕೆಳಗೆ ಹೋದ ಮೇಲೆಯೇ 'ಟಿಕ್ ಟಿಕ್' ಆರಂಭ. ಸೆಕೆಂಡಿಗೆ ಎರಡು ಮೂರು ಟಿಕ್ ಮಾಡಿ, ಬೇಟೆಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ಬೇಟೆ ಹತ್ತಿರವಾದಾಗ ಸೆಕೆಂಡಿಗೆ ಸುಮಾರು 250 ಟಿಕ್‌ಗಳಾಗಿ ದುಂಬಿಯ ಝೇಂಕಾರದಂತಾಗುತ್ತದೆ. ಈ ಸದ್ದು ಬಹುಮಟ್ಟಿಗೆ ಮನುಷ್ಯನ ಕಿವಿಗೆ ನಿಲುಕದಷ್ಟು ಕೀಚಲು. ಯಂತ್ರದ ನೆರವಿನಿಂದಲೇ ಅದನ್ನು ಅರಿಯಬೇಕು.

ಕಿವಿಯೇ ಕಣ್ಣಾದ ಪ್ರಾಣಿಗೆ ನಾವು ಮಾಡುವ ಗದ್ದಲ ಎಂಥದಿರಬೇಕು? 2002ರ ಸೆಪ್ಟೆಂಬರಿನಲ್ಲಿ ಸ್ಪೇನ್ ದೇಶದ ಕ್ಯಾನರಿ ದ್ವೀಪಗಳ ಬಳಿ ನೌಕಾಪಡೆಗಳ ಸಮರಾಭ್ಯಾಸ ನಡೆದಾಗ 14 ಕೊಕ್ಕಿನ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದವು. ಸತ್ತವುಗಳನ್ನು ಪರೀಕ್ಷಿಸಿದಾಗ ದೇಹದೊಳಗೆ ಗಾಳಿಗುಳ್ಳೆಗಳ ಕುರುಹು ಕಂಡಿತು. ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಹಡಗುಗಳು ಬಿಡುವ ಸೋನಾರ್ ಎಂಬ ಭಾರೀ ಸದ್ದಿಗೆ ಬೆದರಿ, ಮುಳುಗುವ ಏಳುವ ಕ್ರಮ ತಪ್ಪಿ ಹೀಗಾಯಿತೆಂದು ತಜ್ಞರು ತರ್ಕಿಸಿದರು.

2004ರಲ್ಲಿ ಸ್ಪೇನ್ ಸರಕಾರವು ಆ ದ್ವೀಪಗಳ ಸುತ್ತ 50 ನಾಟಿಕಲ್ ಮೈಲಿ, ಅಂದರೆ ಸುಮಾರು 93 ಕಿಲೋಮೀಟರ್, ಒಳಗೆ ಸೋನಾರ್ ಬಳಕೆಯನ್ನು ನಿಷೇಧಿಸಿತು. ನಿಷೇಧದ ಬಳಿಕ ಅಲ್ಲಿ ಅಂಥ ಸಾಮೂಹಿಕ ಸಾವು ನಡೆದಿಲ್ಲವೆಂದು ಸಂಶೋಧಕರು 2013ರಲ್ಲಿ ಬರೆದರು.

ನಿಲ್ಲಿಸಿದ್ದು ಬರೀ ಒಂದು ಸದ್ದನ್ನು. ಉಳಿದದ್ದು ಎಷ್ಟೋ ಜೀವ. ಕಾಣದ ಜೀವಿಯ ದನಿಗೆ ಕಿವಿಗೊಟ್ಟರೆ, ನಮ್ಮ ದನಿಯನ್ನು ಎಲ್ಲಿ ತಗ್ಗಿಸಬೇಕೆಂಬುದೂ ನಮಗೆ ತಿಳಿಯುತ್ತದೆ.