ಪರದೇಶದ ಅಡಿಕೆಯೂ ಮಂಗಳೂರಿನ ಧಾರಣೆಯೂ

ಮಂಗಳೂರು ಪೇಟೆಯ ಚಾಲಿ ಅಡಿಕೆಯ ಧಾರಣೆಯು ಪುತ್ತೂರು, ಸುಳ್ಯ, ಕಾಸರಗೋಡುಗಳ ಫಸಲಿನಿಂದ ಮಾತ್ರವೇ ನಿರ್ಧಾರವಾಗತಕ್ಕದ್ದಲ್ಲ. ಇಲ್ಲಿಯ ಚಾಲಿಯು ಹೆಚ್ಚಾಗಿ ಗುಜರಾತ್ ಮೊದಲಾದ ಉತ್ತರದ ಪ್ರಾಂತಗಳಿಗೆ ಹೋಗುವುದು. ಅಲ್ಲಿಯ ವರ್ತಕನಿಗೆ ಪರದೇಶದ ಅಡಿಕೆಯು ಅಗ್ಗವಾಗಿ ದೊರೆತರೆ, ಅದು ಯಾವ ದೂರದ ಬಂದರಿನಲ್ಲಿ ಇಳಿದಿದ್ದರೂ, ಮಂಗಳೂರಿನ ಧಾರಣೆಯು ಕುಗ್ಗುವುದು. ಆದುದರಿಂದ ಆಮದಿನ ಕಾನೂನು ತೋಟದ ಒಡೆಯರಿಗೆ ಸಂಬಂಧಿಸಿದುದಲ್ಲವೆಂದು ಭಾವಿಸಲಾಗದು.

ಪರದೇಶದ ಅಡಿಕೆಗೆ ಎರಡು ತಡೆಗಳಿವೆ. ಒಂದು, ಶೇಕಡಾ 100ರ ಆಮದು ಸುಂಕ. ಮತ್ತೊಂದು, ಕನಿಷ್ಠ ಆಮದು ಬೆಲೆ. 2023ರ ಫೆಬ್ರವರಿಯ ಅಧಿಸೂಚನೆಯಂತೆ, ಹಡಗಿನ ಬಾಡಿಗೆಯೂ ವಿಮೆಯೂ ಸೇರಿ ಕಿಲೋಗ್ರಾಮಿಗೆ 351 ರೂಪಾಯಿಗಿಂತ ಕಡಮೆಯಾದ ಅಡಿಕೆಯ ಆಮದು, ಕೆಲವು ವಿನಾಯಿತಿಗಳ ಹೊರತು, ನಿಷಿದ್ಧವಾಯಿತು. ಅದಕ್ಕೆ ಮೊದಲು ಈ ಮಿತಿಯು 251 ರೂಪಾಯಿಯಾಗಿತ್ತು. ಹುರಿದ ಅಡಿಕೆಯನ್ನು ಬೇರೆ ಪದಾರ್ಥವೆಂದು ತೋರಿಸಿ ತರುವ ದಾರಿಯೊಂದು ಉಳಿದಿದ್ದಿತು. 2025ರ ಏಪ್ರಿಲಿನಲ್ಲಿ ಅದಕ್ಕೂ ಇದೇ ಮಿತಿಯು ವಿಧಿಸಲ್ಪಟ್ಟಿತು.

ಇಷ್ಟಿದ್ದರೂ ಮೋಸಕ್ಕೆ ಎಡೆಯುಂಟು. ಕಿಲೋಗ್ರಾಮಿಗೆ 200 ರೂಪಾಯಿಯಂತೆ ಕೊಂಡ ಅಡಿಕೆಗೆ ಬೀಜಕದಲ್ಲಿ 351 ರೂಪಾಯಿ ಎಂದು ಬರೆಯಿಸಿದರೆ ನಿಷೇಧವೇನೋ ತಪ್ಪುವುದು. ಆದರೆ ಸುಂಕವೇ 351 ರೂಪಾಯಿ ಬೀಳುವುದರಿಂದ ಆ ಸುಳ್ಳು ನಷ್ಟಕ್ಕೇ ದಾರಿ. ಸುಂಕದ ವಿನಾಯಿತಿಯೂ ದೊರೆತಲ್ಲಿ ಲೆಕ್ಕವು ತಿರುಗಿಬೀಳುವುದು. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದದ ಮೇರೆಗೆ ಶ್ರೀಲಂಕೆಯಲ್ಲಿಯೇ ಬೆಳೆದ ಅಡಿಕೆಗೆ ಸುಂಕವಿಲ್ಲ. ಬೇರೆ ದೇಶದ ಅಡಿಕೆಯನ್ನು ಆ ಮಾರ್ಗವಾಗಿ ತಂದು, ಅಲ್ಲಿಯ ಬೆಳೆಯೆಂದು ಪ್ರಮಾಣಪತ್ರ ತೋರಿಸಿದ ಪ್ರಕರಣಗಳು ಹೊರಬಿದ್ದಿವೆ. ಆದಕಾರಣ 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ನಿಯಮಗಳಂತೆ, ಪ್ರಮಾಣಪತ್ರವೊಂದೇ ಸಾಲದು. ಮಾಲು ಎಲ್ಲಿ ಬೆಳೆಯಿತೆಂಬ ವಿವರಗಳನ್ನು ಆಮದುಗಾರನು ಸಂಗ್ರಹಿಸಿ, ಐದು ವರ್ಷಗಳ ತನಕ ಕಾಪಾಡಿ, ಕೇಳಿದಾಗ ಹಾಜರುಪಡಿಸತಕ್ಕದ್ದು.

ಗಡಿಯಿಂದ ಕಳ್ಳಸಾಗಣೆಯಾಗಿ ಬರುವ ಮಾಲಿನ ಸಂಗತಿಯು ಇನ್ನೂ ಕಠಿನವಾದುದು. ಚಿನ್ನವನ್ನು ಹಿಡಿದಲ್ಲಿ, ಅದು ಕಳ್ಳಮಾಲಲ್ಲವೆಂದು ತೋರಿಸುವ ಭಾರವನ್ನು ಸುಂಕದ ಕಾಯಿದೆಯ 123ನೆಯ ಪ್ರಕರಣವು ಇಟ್ಟುಕೊಂಡವನ ಮೇಲೆಯೇ ಹೊರಿಸುವುದು. ಅಡಿಕೆಯ ಮೊಕದ್ದಮೆಗಳಲ್ಲಿ ಆ ಭಾರವು ಇಲಾಖೆಯದೆಂದು ಮೇಲ್ಮನವಿ ನ್ಯಾಯಮಂಡಳಿಯು ತೀರ್ಪು ಕೊಟ್ಟಿದೆ. ಉತ್ತರದಲ್ಲಿ ಹಿಡಿದ ಅಡಿಕೆಯ ಮಾದರಿಗಳನ್ನು ಮಂಗಳೂರಿನ ಅಡಿಕೆ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನಕ್ಕೆ ಕಳುಹಿಸಿ ಅಭಿಪ್ರಾಯ ಪಡೆದುದುಂಟು; ಆದರೆ ಅಂಥ ಅಭಿಪ್ರಾಯ ಮಾತ್ರದಿಂದ ಮಾಲು ಪರದೇಶದ್ದೆಂದು ಸಿದ್ಧವಾಗದೆಂದು ನ್ಯಾಯಮಂಡಳಿಯು ಹೇಳಿತು. ನುರಿತ ಕಣ್ಣಿಗೆ ವ್ಯತ್ಯಾಸವು ಕಾಣಬಹುದು, ನ್ಯಾಯಸ್ಥಾನಕ್ಕೆ ಅದು ಸಾಕ್ಷ್ಯವಲ್ಲ.

ಹೀಗಾಗಿ ಊರಿನ ಅಡಿಕೆಗೂ ಹೊರಗಿನದಕ್ಕೂ ಭೇದವನ್ನು ತೋರಿಸುವುದು ಕಾಗದವೇ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೋದಂತಹ ಸಹಕಾರಿ ಸಂಸ್ಥೆಗೆ ಮಾರಿದ ಅಡಿಕೆಗೆ ಬೆಳೆಗಾರನ ಹೆಸರು, ತೂಕ, ತಾರೀಖುಗಳ ಲೆಕ್ಕವು ಉಳಿಯುವುದು. ಖಾಸಗಿ ವರ್ತಕರಿಗೆ ಮಾರುವವರೂ ಇಂತಹ ರಸೀದಿಯನ್ನು ಕೇಳಿ ಪಡೆದು ಇಟ್ಟುಕೊಳ್ಳತಕ್ಕದ್ದು. ಅದಕ್ಕಿಂತಲೂ ಮುಖ್ಯವಾದುದೆಂದರೆ, ತನ್ನದಲ್ಲದ ಮಾಲಿಗೆ ತನ್ನ ಹೆಸರನ್ನು ಯಾರೂ ಸಾಲ ಕೊಡಕೂಡದು. ಗ್ರಾಮದ ಮುಖ್ಯಸ್ಥರು ಇದನ್ನು ಸಣ್ಣ ಹಿಡುವಳಿದಾರರಿಗೆ ವಿಶೇಷವಾಗಿ ತಿಳಿಸಬೇಕು. ಅಂಥ ರಸೀದಿಯೊಂದರಿಂದ ಪರದೇಶದ ಚೀಲಗಳು ದಕ್ಷಿಣ ಕನ್ನಡದ ಬೆಳೆಯೆನಿಸುವುವು. ತಿಳಿದೂ ನೆರವಾದವನು ಸುಂಕದ ಕಾಯಿದೆಯ 112ನೆಯ ಪ್ರಕರಣದಂತೆ ದಂಡಕ್ಕೆ ಗುರಿಯಾಗುವನು.