ಗಣಿನಾಡಿಗೆ ವಲಸೆ ಬಂದ ಪತ್ರಿಕೆ

ಕೋಲಾರ ಜಿಲ್ಲೆಯ ಸಂಪಾದಕರು ಎಂದೊಡನೆ ನಾಲಿಗೆಗೆ ಬರುವುದು ಮುಳಬಾಗಿಲಿನ ಡಿವಿಜಿ. ಆಮೇಲೆ ‘ಜೀವನ’ ಮಾಸಪತ್ರಿಕೆ ನಡೆಸಿದ ಮಾಲೂರು ಸೀಮೆಯ ಮಾಸ್ತಿ. ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದರೆ ಇವತ್ತಿಗೂ ಚೌಕಾಸಿ ತೆಲುಗಿನಲ್ಲಿ, ಚೀಟಿ ಕನ್ನಡದಲ್ಲಿ. ಈ ಸೀಮೆಯ ಜಾಯಮಾನವೇ ಅದು. ಆದರೂ ಈ ಸಾಲಿಗೆ ಸೇರಬೇಕಾದ ಮೂರನೆಯ ಹೆಸರೊಂದು ಹೊರಗೇ ಉಳಿದಿದೆ: ಪಂಡಿತ ಜಿ. ಅಪ್ಪಾದುರೈ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಜನ ಗುಳೆ ಬಂದರು. ಬಹುಪಾಲು ಊರಾಚೆಯ ಕೇರಿಯವರು. ಒಡೆಯನ ಹೊಲದ ಜೀತಕ್ಕಿಂತ ನೆಲದಾಳದ ಕತ್ತಲೆಯೇ ವಾಸಿ ಎನಿಸಿತ್ತು. ಅಲ್ಲಿ ಕೈಗೆ ಕೂಲಿಯಾದರೂ ಬೀಳುತ್ತಿತ್ತು. ತಟ್ಟಿ ಮನೆಗಳ ಈ ಜನ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘ ಕಟ್ಟಿಕೊಂಡರು.

ಅವರ ಗುರು ಅಯೋತಿದಾಸ ಪಂಡಿತರು. 1907ರಲ್ಲಿ ಅವರು ಮದ್ರಾಸಿನಲ್ಲಿ ‘ಒರು ಪೈಸಾ ತಮಿಳನ್’ ವಾರಪತ್ರಿಕೆ ತೆಗೆದರು. ಬೆಲೆ ಹೆಸರಿನಲ್ಲೇ ಇತ್ತು. ಮರುವರ್ಷ ಅದು ಬರಿಯ ‘ತಮಿಳನ್’ ಆಯಿತು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಸೊರಗಿ ನಿಂತೂ ಹೋಯಿತು. ಅದಕ್ಕೆ ಮತ್ತೆ ಜೀವ ಬಂದದ್ದು ಮದ್ರಾಸಿನಲ್ಲಲ್ಲ, 1926ರಲ್ಲಿ, ಕೆಜಿಎಫ್‌ನಲ್ಲಿ, ಅಪ್ಪಾದುರೈ ಸಂಪಾದಕತ್ವದಲ್ಲಿ. ಬುದ್ಧ, ಜಾತಿವಿನಾಶ, ಸ್ವಾಭಿಮಾನ ಅದರ ತಿರುಳು. ಅಪ್ಪಾದುರೈ ಬರೆದು ಸುಮ್ಮನಾದವರಲ್ಲ, ಸಂಘ ಕಟ್ಟಿದವರು.

ಆ ಸ್ವಾಭಿಮಾನ ಗಣಿಯಲ್ಲೂ ಕಾಣಿಸಿತು. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕೆಂಬ ನಿಯಮ ಬಂದಾಗ ಗಣಿಗಳು ಸ್ತಬ್ಧವಾದವು. ಆಗಿನ್ನೂ ಅಲ್ಲಿ ಕಾರ್ಮಿಕ ಸಂಘಗಳು ಬೇರೂರಿರಲಿಲ್ಲ. ಕಿಡಿ ಹೊತ್ತಿದ್ದು ಕೂಲಿಯಿಂದಲ್ಲ, ‘ನಾವೇನು ಕಳ್ಳರೇ?’ ಎಂಬ ಅವಮಾನದಿಂದ. ಕೆಂಬಾವುಟ ಹಾರಿದ್ದು 40ರ ದಶಕದಲ್ಲಿ. ಆ ಹೋರಾಟದಲ್ಲಿ 1946ರ ನವೆಂಬರ್ 4ರಂದು ಆರು ಕಾರ್ಮಿಕರು ಪ್ರಾಣ ತೆತ್ತರು. ಕಮ್ಯುನಿಸ್ಟರು ಬಂದು ಸಂಘಟಿಸುವ ಹೊತ್ತಿಗೆ ತಲೆಯೆತ್ತಿ ನಿಲ್ಲುವುದನ್ನು ಗಣಿಯ ಜನ ಆಗಲೇ ಕಲಿತಿದ್ದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ವಲಸೆ ಬಂದವರ ಮೊಮ್ಮಕ್ಕಳು ಈಗ ದಿನಾ ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಮನೆಯಲ್ಲಿ ತಮಿಳಾಡಿ ಕನ್ನಡದಲ್ಲಿ ಬರೆದವರನ್ನು ‘ಮಾಸ್ತಿ ಕನ್ನಡದ ಆಸ್ತಿ’ ಎಂದೆವು. ತಮಿಳಿನಲ್ಲೇ ಬರೆದ ಅಪ್ಪಾದುರೈ ಕನ್ನಡದ ಆಸ್ತಿ ಅಲ್ಲದಿರಬಹುದು. ಕೋಲಾರದ ಆಸ್ತಿಯಂತೂ ಹೌದು.