ಹಿಂಬಾಗಿಲ ಕೀಲಿ ಯಾರ ಹತ್ತಿರ?

ಇಂಟರ್ನ್‌ಶಿಪ್‌ಗೆ ಸೇರಿದ ಮೊದಲ ದಿನ ವೈಫೈ ಪಾಸ್‌ವರ್ಡ್ ಕೊಟ್ಟರು, ಕಾಫಿ ಮಷೀನ್ ತೋರಿಸಿದರು, ಬಾಸ್ ಕ್ಯಾಬಿನ್‌ಗೆ ಬಾಗಿಲು ತಟ್ಟದೆ ಹೋಗಬೇಡ ಅಂದರು. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಿಇ ಎಲೆಕ್ಟ್ರಿಕಲ್ ಓದುತ್ತಿರುವ ನನಗೇ ಅದು ಹೊಳೆಯಲಿಲ್ಲ ಅನ್ನೋದು ಈಗ ನಾಚಿಕೆ ತರಿಸುತ್ತದೆ.

ದಾವಣಗೆರೆಯಿಂದ ಬಂದ ನನಗೆ ಬೆಂಗಳೂರಿನ ಆ ಕಮರ್ಷಿಯಲ್ ಕಾಂಪ್ಲೆಕ್ಸೇ ದೊಡ್ಡ ಊರಿನಂತೆ ಕಂಡಿತ್ತು. ಕೆಳಗೆ ಬಟ್ಟೆ ಶೋರೂಮ್, ಎರಡನೇ ಮಹಡಿಯಲ್ಲಿ ಕೋಚಿಂಗ್ ಸೆಂಟರ್, ಮೂರನೆಯದರಲ್ಲಿ ನಮ್ಮ ಆಫೀಸು. ಮೂರನೇ ವಾರದ ಒಂದು ಸಂಜೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಯಾರದೋ ಚಾರ್ಜರ್ ಇರಬೇಕು ಅಂದುಕೊಂಡೆವು. ಎದ್ದು ನೋಡುವಷ್ಟರಲ್ಲಿ ಮುಖ್ಯ ಮೆಟ್ಟಿಲ ಪಕ್ಕದ ಡಿಬಿ ಬಾಕ್ಸ್‌ನಿಂದ ಕಪ್ಪು ಹೊಗೆ ಬರುತ್ತಿತ್ತು.

ನಾಲ್ಕೈದು ಜನ ಹಿಂದಿನ ಮೆಟ್ಟಿಲ ಕಡೆ ಓಡಿದೆವು. ಬಾಗಿಲ ಮುಂದೆ ಖಾಲಿ ನೀರಿನ ಕ್ಯಾನು, ಮುರಿದ ಕುರ್ಚಿ, ದೀಪಾವಳಿ ಗಿಫ್ಟ್‌ಗಳ ರಟ್ಟಿನ ಡಬ್ಬ. ಎಲ್ಲ ಸರಿಸಿ ನೋಡಿದರೆ ಬೀಗ! ಕೀಲಿ ಕಟ್ಟಡದ ಮ್ಯಾನೇಜರ್ ಹತ್ತಿರವಂತೆ, ಅವರು ಮನೆಗೆ ಹೋಗಿ ಅರ್ಧ ಗಂಟೆಯಾಗಿತ್ತಂತೆ.

ಇತ್ತ ಒಬ್ಬ ಸರ್ ಗೋಡೆಯ ಮೇಲಿದ್ದ ಕೆಂಪು ಸಿಲಿಂಡರ್ ತೆಗೆದು ಹಿಡಿಕೆ ಅದುಮುತ್ತಲೇ ಇದ್ದರು. ಏನೂ ಬರುತ್ತಿರಲಿಲ್ಲ. ಇನ್ನೊಬ್ಬರು ಬಕೆಟ್‌ನಲ್ಲಿ ನೀರು ತಂದರು. ಕರೆಂಟಿಗೆ ನೀರು ಹಾಕಬೇಡಿ ಅಂತ ಕಿರುಚಿದೆ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಸೆಕ್ಯುರಿಟಿ ಅಂಕಲ್ ಕೆಳಗೆ ಮೇನ್ ಆಫ್ ಮಾಡಿದರು. ಆಮೇಲೆ ಹೌಸ್‌ಕೀಪಿಂಗ್ ಅಕ್ಕ ಬಂದು ಸಿಲಿಂಡರ್ ಕಿತ್ತುಕೊಂಡು, ಪಿನ್ ಎಳೆದು, ಬೆಂಕಿಯ ಬುಡಕ್ಕೆ ಹಿಡಿದು ಆ ಕಡೆ ಈ ಕಡೆ ಆಡಿಸಿದರು. ಮುಗಿಯಿತು. "ಗಾರ್ಮೆಂಟ್ಸಲ್ಲಿ ಕಲಿಸಿದ್ರು ಕಣಮ್ಮ. ಮೊದ್ಲು ಪಿನ್ನು ಕೀಳ್ಬೇಕು" ಅಂದರು. ಅಲ್ಲಿದ್ದ ಬಿಇ, ಎಂಟೆಕ್, ಎಂಬಿಎಗಳೆಲ್ಲ ಸುಮ್ಮನೆ ನಿಂತಿದ್ದೆವು. ಸಣ್ಣ ಸಿಲಿಂಡರಿನ ಪುಡಿ ಕೆಲವು ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಪ್ರಯೋಗ ಮಾಡುತ್ತಾ ಕಲಿಯಲು ಅದರಲ್ಲಿ ಸಮಯವಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಬಾಕ್ಸ್ ಬಿಚ್ಚಿದಾಗ ಪಕ್ಕದಲ್ಲೇ ನಿಂತಿದ್ದೆ. ಹೊಸ ಎಸಿ ಹಾಕಿಸಿದ ಮೇಲೆ ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತಿತ್ತಂತೆ. ಯಾರೋ 16 ಆಂಪಿಯರ್‌ನದು ತೆಗೆದು 32ರದು ಹಾಕಿದ್ದರು. ತಂತಿ ಮಾತ್ರ ಹಳೆಯದೇ. ಎಂಸಿಬಿ ಇರುವುದೇ ತಂತಿಯನ್ನು ಕಾಪಾಡಲು. ತಂತಿ ತಡೆಯುವುದಕ್ಕಿಂತ ಹೆಚ್ಚು ಕರೆಂಟ್ ಹರಿದರೆ ಅದು ಬೀಳಬೇಕು. ದೊಡ್ಡದು ಹಾಕಿದರೆ ಅದು ಬೀಳುವುದಿಲ್ಲ, ತಂತಿ ಕಾಯುತ್ತಾ ಹೋಗುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಮಾರ್ಕ್ಸ್ ತಗೊಂಡವಳು ನಾನು. ನನ್ನ ಟೇಬಲ್‌ನಿಂದ ಹತ್ತು ಹೆಜ್ಜೆ ದೂರದಲ್ಲಿ ಅದು ನಡೆಯುತ್ತಿದ್ದರೂ ಗೊತ್ತಾಗಲಿಲ್ಲ.

ಆ ರಾತ್ರಿ ಪಿಜಿಯಲ್ಲಿ ಕಾರ್ಲ್‌ಟನ್ ಟವರ್ಸ್ ಬಗ್ಗೆ ಓದಿದೆ. 2010ರ ಫೆಬ್ರುವರಿ 23, ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ. ನಾನಾಗ ಅಂಗನವಾಡಿಗೆ ಹೋಗುತ್ತಿದ್ದೆ. ಆ ಕಟ್ಟಡದ ಎಲೆಕ್ಟ್ರಿಕಲ್ ಡಕ್ಟ್‌ನಲ್ಲಿ ಹೊತ್ತಿಕೊಂಡ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಾಡಲಾಗದೆ ಜನ ಗಾಜು ಒಡೆದರು, ಕೆಲವರು ಕೆಳಗೆ ಜಿಗಿದರು. ಒಂಬತ್ತು ಮಂದಿ ಸತ್ತರು. ತುರ್ತು ದಾರಿಗಳಿಗೆ ಬೀಗ ಹಾಕಿತ್ತು ಅಂತ ಆಗ ವರದಿಯಾಗಿತ್ತು. ಅವರೆಲ್ಲ ಅವತ್ತು ನಮ್ಮ ಹಾಗೆಯೇ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಬಂದವರು.

ಬೆಂಕಿ ಅಂದರೆ ನಮ್ಮ ಕಣ್ಣಿಗೆ ಬರುವುದು ಜ್ವಾಲೆ. ಆದರೆ ಇಂಥ ಕಟ್ಟಡಗಳಲ್ಲಿ ಮೊದಲು ಕೊಲ್ಲುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿ ಹೊಗೆ ಮೇಲಕ್ಕೇರುವುದರಿಂದ ಬಗ್ಗಿಕೊಂಡು ಹೋದರೆ ಸ್ವಲ್ಪ ಗಾಳಿ ಸಿಗುತ್ತದೆ. ಲಿಫ್ಟ್ ಹತ್ತಲೇಬಾರದು. ಕರೆಂಟ್ ಹೋದರೆ ಒಳಗೇ ಸಿಕ್ಕಿಕೊಳ್ಳುತ್ತೇವೆ, ಲಿಫ್ಟಿನ ಬಾವಿಯೋ ಹೊಗೆಗೆ ಚಿಮಣಿಯಿದ್ದ ಹಾಗೆ. ಮೆಟ್ಟಿಲಿನ ಫೈರ್ ಡೋರ್‌ಗೆ ಇಟ್ಟಿಗೆ ಇಟ್ಟು ತೆರೆದೇ ಬಿಡುವುದೂ ಅಷ್ಟೇ ತಪ್ಪು. ಅದು ಮುಚ್ಚಿರಬೇಕು, ಬೀಗ ಮಾತ್ರ ಇರಬಾರದು.

ಬೀಗದ ವಿಷಯ ಎಚ್‌ಆರ್ ಮೇಡಂಗೆ ಕೇಳಿದೆ. "ಕಳ್ಳತನ ಆಗುತ್ತಮ್ಮ. ನಿನ್ನ ರಿಪೋರ್ಟ್ ಮೊದಲು ಮುಗಿಸು" ಅಂದರು. ಎದೆ ಧಸಕ್ಕೆಂದಿತು. ಸರ್ಟಿಫಿಕೇಟ್‌ಗೆ ಸಹಿ ಹಾಕುವವರು ಅವರೇ. ಕ್ಲಾಸ್ ಗ್ರೂಪಿನಲ್ಲಿ ಹೇಳಿದರೆ "ಹೀರೋಯಿನ್ ಆಗಬೇಡ ಕಣೇ, ಇನ್ನು ಮೂರೇ ವಾರ" ಅಂತ ಉತ್ತರ ಬಂತು. ನಿಜ, ಮೂರು ವಾರದ ಮೇಲೆ ನಾನು ಅಲ್ಲಿರುವುದಿಲ್ಲ. ಆದರೆ ಅಕ್ಕ ಇರುತ್ತಾರೆ. ಎರಡು ದಿನ ನಿದ್ದೆಗೆಟ್ಟು, ಕೊನೆಗೆ ಸುಟ್ಟ ಡಿಬಿ ಬಾಕ್ಸ್ ಮತ್ತು ಬೀಗದ ಫೋಟೊ ಹಾಕಿ ಬಾಸ್‌ಗೇ ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ವಾರದ ಮೇಲೆ ಬೀಗ ಹೋಗಿ, ಒಳಗಿನಿಂದ ತೆಗೆಯುವ ಚಿಲಕ ಬಂದಿತ್ತು. ಮುರಿದ ಕುರ್ಚಿಗಳು ಮಾತ್ರ ಅಲ್ಲೇ ಇದ್ದವು. ನಾನೂ ಅಕ್ಕನೂ ಅವನ್ನು ಟೆರೇಸಿಗೆ ಹೊತ್ತು ಹಾಕಿದೆವು.

ಈಗ ಯಾವ ಆಫೀಸಿಗೆ ಇಂಟರ್‌ವ್ಯೂಗೆ ಹೋದರೂ ಹತ್ತು ನಿಮಿಷ ಮುಂಚೆ ಹೋಗಿ ಎರಡನೇ ಮೆಟ್ಟಿಲು ಎಲ್ಲಿದೆ, ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ನೋಡುತ್ತೇನೆ. ಫ್ರೆಂಡ್ಸ್ ನಗುತ್ತಾರೆ, ನಗಲಿ.

ಕೊನೆಯ ದಿನ ಸರ್ಟಿಫಿಕೇಟ್ ಹಿಡಿದುಕೊಂಡು ಹಿಂದಿನ ಮೆಟ್ಟಿಲಿನಿಂದಲೇ ಇಳಿದೆ. ಎರಡನೇ ಮಹಡಿಯಲ್ಲಿ ಕೋಚಿಂಗ್ ಸೆಂಟರಿನ ಹಿಂಬಾಗಿಲು. ಒಳಗೆ ಯಾರೋ ಸರ್ ಮೈಕಿನಲ್ಲಿ ಪಾಠ ಮಾಡುತ್ತಿದ್ದರು. ಹೊರಗಡೆ ದೊಡ್ಡದೊಂದು ಬೀಗ ನೇತಾಡುತ್ತಿತ್ತು. ಕೆಳಗಿಳಿದು ಸೆಕ್ಯುರಿಟಿ ಅಂಕಲ್‌ಗೆ ಕೇಳಿದೆ, "ಇದರ ಕೀಲಿ ಯಾರ ಹತ್ತಿರ ಇದೆ ಅಂಕಲ್?"